ಗೇಟಿನ ಹೊರಗೆ ನಲವತ್ತನಾಲ್ಕು ಜೊತೆ

ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷ. ನಮ್ಮ ಹೋಬಳಿಯ ಕರೆಂಟ್ ಸಬ್‌ಸ್ಟೇಷನ್ನಿನ ಗೇಟಿನ ಹೊರಗೆ ನಾನು ತಾತನ ಕೆರ ಬಿಚ್ಚಿಟ್ಟ ಹೊತ್ತು ಅದು. ಬಿಚ್ಚುವ ಮೊದಲು ಅಲ್ಲಿದ್ದ ಎಕ್ಕಡಗಳನ್ನು ಎಣಿಸಿದೆ. ನಲವತ್ತಮೂರು ಜೊತೆ. ನನ್ನದು ಸೇರಿ ನಲವತ್ತನಾಲ್ಕು.

ಎಣಿಸುವುದು ನನಗೆ ಕುರಿಯಿಂದ ಬಂದ ಅಭ್ಯಾಸ. ಚಿಕ್ಕವಳಿದ್ದಾಗ ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಕುರಿ ಎಣಿಸುವ ಕೆಲಸ ನನ್ನದಾಗಿತ್ತು. ಏಳನೇ ಕ್ಲಾಸಿನಿಂದ ಡೈರಿ ಇಡುತ್ತಿದ್ದೇನೆ. ದಿನ, ಗಂಟೆ, ಸಂಖ್ಯೆ ಬರೆಯುತ್ತೇನೆ, ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಯಾರಾದರೂ ಓದಿ ಜಗಳಕ್ಕೆ ಬರುತ್ತಾರೆ ಎಂದು ಅವ್ವ ಆಗಲೇ ಹೇಳಿದ್ದಳು. ಇಲ್ಲೂ ಬರೆದಿಲ್ಲ.

ನಮ್ಮೂರು ಮಧುಗಿರಿ ತಾಲೂಕಿನ ಕೊನೆಯಲ್ಲಿ, ಶಿರಾ ಕಡೆಗಿದೆ. ವರ್ಷದಲ್ಲಿ ಏಳೆಂಟು ತಿಂಗಳು ಅಪ್ಪ ಅವ್ವ ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುತ್ತಾರೆ. ಮನೆಯಲ್ಲಿ ತಾತ, ನಾನು, ಹಿಂದೆ ಉಳಿದ ಹನ್ನೊಂದು ಕುರಿ, ಒಂದು ನಾಯಿ. ಆ ಮಾರ್ಚಿನಲ್ಲಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಹದಿಮೂರು ದಿನ ಆಗಿತ್ತು. ಬೋರ್‌ವೆಲ್ ಮೋಟರು ಓಡದೆ ಹದಿಮೂರು ದಿನ. ನಾನು ಮೂರು ಕಿಲೋಮೀಟರ್ ಆಚೆಯ ತೋಟದಿಂದ ದಿನಕ್ಕೆ ಆರು ಬಿಂದಿಗೆ ತರುತ್ತಿದ್ದೆ. ಅಲ್ಲಿಗೆ ಹೋಗಿ ಬರುವಾಗ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಆದ್ದರಿಂದಲೇ ಹೊಸ ಟ್ರಾನ್ಸ್‌ಫಾರ್ಮರ್ ಕೇಳಲು ಸಬ್‌ಸ್ಟೇಷನ್ನಿನ ಮುಂದೆ ನಡೆದ ಧರಣಿಗೆ ಹೋಗುವಾಗ ತಾತನ ಕೆರ ಮೆಟ್ಟಿಕೊಂಡು ಹೋದೆ.

ಕೆರ ಎಂದರೆ ಕುರಿಗಾಹಿಗಳ ಎಕ್ಕಡ. ಮೂರು ಪದರದ ಚರ್ಮದ ಅಟ್ಟೆ, ಅಡಿಯಲ್ಲಿ ಕಬ್ಬಿಣದ ಮೊಳೆ. ಬಳ್ಳಾರಿ ಜಾಲಿಯ ಮುಳ್ಳು ಅದನ್ನು ದಾಟಿ ಬರುವುದಿಲ್ಲ. ಒಬ್ಬರ ಕಾಲಿನ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ನಾನು ಅದರೊಳಗೆ ಬಟ್ಟೆ ತುರುಕಿಕೊಂಡು ನಡೆದಿದ್ದೆ.

ಸಬ್‌ಸ್ಟೇಷನ್ ಇರುವ ಜಾಗ ಹಿಂದೆ ಗೋಮಾಳವಾಗಿತ್ತು. ನಾನು ಹುಟ್ಟುವ ಮೊದಲೇ ಬೇಲಿ ಬಿತ್ತು. ಬೇಲಿಯ ಒಳಗೆ, ಗೇಟಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಬೇವಿನ ಮರದ ಕೆಳಗೆ ಒಂದು ಕಲ್ಲಿದೆ. ನಾವು ಅದನ್ನು ಮಂದೆಕಲ್ಲು ಅನ್ನುತ್ತೇವೆ. ಹೋದ ಮಂದೆ ಊರಿಗೆ ಮರಳಿದ ದಿನ ಮೊದಲ ಹಾಲನ್ನು ಅದರ ಮೇಲೆ ಹುಯ್ಯುತ್ತಾರೆ. ಆ ಒಂದು ದಿನ ಕಾವಲಿನವರು ಗೇಟು ತೆಗೆದು ಬಿಡುತ್ತಾರೆ. ಕಲ್ಲು ಕಣ್ಣಿಗೆ ಬಿದ್ದ ಮೇಲೆ ಎಕ್ಕಡ ಮೆಟ್ಟಿಕೊಂಡು ಮುಂದೆ ಹೋಗುವಂತಿಲ್ಲ. ಗೇಟಿನಿಂದಲೇ ಕಲ್ಲು ಕಾಣುತ್ತದೆ.

ಅವತ್ತು ಹೊರಗೆ ಇನ್ನೂರಕ್ಕೂ ಹೆಚ್ಚು ಜನ ಕೂತಿದ್ದರು. ಹಿಂದಿನ ಸಂಜೆಯೇ ನಿಷೇಧಾಜ್ಞೆ ಹೊರಡಿಸಿ ಹೋಬಳಿ ಪೇಟೆಯಲ್ಲಿ ಆಟೋಗೆ ಮೈಕ್ ಕಟ್ಟಿ ಕೂಗಿದ್ದರಂತೆ. ನಮ್ಮೂರಿಗೆ ಆಟೋ ಬಂದಿರಲಿಲ್ಲ. ಆದರೆ ಗೇಟಿನ ಕಂಬಕ್ಕೆ ಒಂದು ಕಾಗದ ಅಂಟಿಸಿದ್ದರು. ಅದರ ಮೇಲೆ, ಅನುಮತಿ ಇಲ್ಲದೆ ಪ್ರವೇಶವಿಲ್ಲ ಎಂಬ ಕೆಂಪು ಬೋರ್ಡೂ ಇತ್ತು. ಬಸ್ ಟಿಕೆಟ್ಟಿನ ಹಿಂಬದಿಯನ್ನೂ ಬಿಡದೆ ಓದುವ ನಾನು ಆ ಕಾಗದ ಓದಲಿಲ್ಲ. ತಲೆ ಬಗ್ಗಿಸಿ ಎಕ್ಕಡ ಎಣಿಸುತ್ತಿದ್ದೆ.

ಯಾವುದೋ ಜೀಪು ಹೊರಗೆ ಬರಲು ಗೇಟು ತೆರೆಯಿತು. ಮುಂದಿದ್ದವರು ಎದ್ದು ಒಳಗೆ ನುಗ್ಗಿದರು. ನುಗ್ಗುವಾಗಲೂ ಒಬ್ಬೊಬ್ಬರೂ ನಿಂತು ಎಕ್ಕಡ ಬಿಟ್ಟರು. ಅದನ್ನು ನಾನು ಕಣ್ಣಾರೆ ಕಂಡೆ. ಹೋಗಿ ಕಲ್ಲಿನ ಸುತ್ತ ಕೂತರು. ನಾನೂ ಹೋಗಿ ಕೂತೆ. ಒಳಗೆ ಕೂತರೆ ದೊಡ್ಡ ಆಫೀಸರು ಬರಲೇಬೇಕಾಗುತ್ತದೆ ಎಂದು ಎಲ್ಲರೂ ಮಾತಾಡಿಕೊಂಡರು. ಕಂಟ್ರೋಲ್ ರೂಮಿನಿಂದ ಒಬ್ಬರು ಓಡಿ ಬಂದು ಕೈ ಮುಗಿದರು.

"ಬರಿಗಾಲಲ್ಲಿ ಬಂದಿದೀರಲ್ರೋ. ಆ ಕಡೆ ಜಲ್ಲಿ ಹಾಕಿರೋದು ನೋಡಿ, ಅದರಾಚೆ ಲೈನಿದೆ. ಒಬ್ರು ಕಾಲಿಟ್ರೂ ಸುಟ್ಟೋಗ್ತೀರಾ."

ಅವರು ಹೇಳಿದ್ದು ನಿಜ. ಆಗ ಯಾರಿಗೂ ಕೇಳಿಸಲಿಲ್ಲ. ಯಾರೋ ಕಲ್ಲು ಬೀಸಿದರು. ಕಂಟ್ರೋಲ್ ರೂಮಿನ ಕಿಟಕಿಯ ಒಂದು ಗಾಜು ಒಡೆಯಿತು. ಆಮೇಲೆ ಪೊಲೀಸ್ ವ್ಯಾನು ಬಂತು. ಹಿಂದಿನ ಬೇಲಿಯ ಸಂದಿಯಲ್ಲಿ ತೂರಿ, ಜಾಲಿ ಪೊದೆಗಳ ನಡುವೆ ಎಲ್ಲರೂ ಬರಿಗಾಲಲ್ಲಿ ಓಡಿದೆವು. ಹನ್ನೊಂದು ಮೂವತ್ತೆರಡು. ಒಳಗಿದ್ದದ್ದು ಇಪ್ಪತ್ತೇಳು ನಿಮಿಷ.

ಗೇಟಿನ ಮುಂದೆ ಬಿದ್ದಿದ್ದ ಎಕ್ಕಡಗಳನ್ನು ಪೊಲೀಸರು ಮೂಟೆ ಕಟ್ಟಿ ಠಾಣೆಗೆ ಒಯ್ದರು. ಸಂಜೆ ನಮ್ಮ ನಾಯಿ ತಾತನ ಎಡಗಾಲಿನ ಕೆರವನ್ನು ಬಾಯಲ್ಲಿ ಕಚ್ಚಿಕೊಂಡು ಮನೆಗೆ ಬಂತು. ನನ್ನ ಹಿಂದೆಯೇ ಬಂದು ಗೇಟಿನ ಹತ್ತಿರ ಮಲಗಿತ್ತು ಅಂತ ಕಾಣುತ್ತದೆ.

ಮಾರನೆಯ ದಿನ ಟ್ರಾನ್ಸ್‌ಫಾರ್ಮರ್ ಬಂತು. ನಲ್ಲಿಯಲ್ಲಿ ನೀರು ಬಂತು. ಊರು ಸುಮ್ಮನಾಯಿತು. ಎಕ್ಕಡದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ತಾತ ಮಾತ್ರ ಎರಡು ದಿನ ಬರಿಗಾಲಲ್ಲಿ ಕುರಿ ಹಿಂದೆ ಹೋಗಿ ಬಂದ. ಸಂಜೆ ಪಿನ್ನು ಹಿಡಿದು ಅವನ ಅಂಗಾಲಿನಿಂದ ಮುಳ್ಳು ತೆಗೆದೆ. ಹದಿಮೂರರಂದು ನಾಲ್ಕು, ಹದಿನಾಲ್ಕರಂದು ಏಳು.

"ಒಂದ್ ಐತಲ್ಲ, ಇನ್ನೊಂದ್ ಎಲ್ಲಾಯ್ತು?" ತಾತ ಕೇಳಿದ.

"ಠಾಣೆಯಲ್ಲೈತೆ ತಾತ."

"ಕೇಳಿದ್ರೆ ಕೊಡಾಕಿಲ್ವಾ? ಒಂದ್ ಕೆರ ಮಡೀಕಂಡು ಅವರೇನ್ ಮಾಡಾರು?"

ನನಗೂ ಅದು ಸರಿ ಅನ್ನಿಸಿತು. ಮಾರ್ಚ್ ಹದಿನೈದು, ಶುಕ್ರವಾರ, ಹತ್ತೂವರೆಗೆ ಎಡಗಾಲಿನ ಕೆರವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಠಾಣೆಗೆ ಹೋದೆ. ಮೂಟೆ ಮೂಲೆಯಲ್ಲೇ ಇತ್ತು. ಬರೆಯುವ ಟೇಬಲ್ಲಿನಲ್ಲಿದ್ದ ಪೇದೆಯವರಿಗೆ ಕೆರ ತೋರಿಸಿ, "ಇದರ ಜೊತೇದು ಕೊಡಿ ಸಾರ್" ಅಂದೆ.

ಅವರು ನನ್ನ ಮುಖವನ್ನೂ ಕೆರವನ್ನೂ ನೋಡಿದರು. ಎದ್ದು ಹೋಗಿ ಮೂಟೆಯ ಬಾಯಿ ಬಿಚ್ಚಿ, ತಡಕಿ, ಬಲಗಾಲಿನದನ್ನು ತಂದು ಟೇಬಲ್ಲಿನ ಮೇಲೆ ಇದರ ಪಕ್ಕದಲ್ಲಿಟ್ಟರು. ಮೊಳೆಗಳ ಸಾಲೂ ಸರಿಹೊಂದಿತು.

"ಯಾರದಮ್ಮ ಇದು?"

"ನಮ್ಮ ತಾತನದು. ಅವತ್ತು ನಾನು ಮೆಟ್ಕೊಂಡಿದ್ದೆ ಸಾರ್."

"ಒಳಗೆ ಹೋಗಿದ್ಯಾ?"

"ಹೋಗಿದ್ದೆ."

"ಜೊತೇಲಿ ಯಾರ್ಯಾರಿದ್ರು?"

"ಹೆಸರು ಗುರುತು ಮಾಡಿಲ್ಲ ಸಾರ್. ಎಣಿಸಿದೀನಿ ಅಷ್ಟೆ."

"ಎಷ್ಟು?"

"ನಲವತ್ತನಾಲ್ಕು ಜೊತೆ."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ, "ಕೂತ್ಕೊಳಮ್ಮ, ನೀರು ಕುಡಿ" ಅಂದರು. ದನಿಯಲ್ಲಿ ಕೋಪವಿರಲಿಲ್ಲ. ನನ್ನ ವಯಸ್ಸಿನ ಮಗಳು ಅವರಿಗಿರಬಹುದು ಅನ್ನಿಸಿತು. ನನ್ನ ಹೆಸರು, ವಿಳಾಸ ಬರೆದುಕೊಂಡರು. ಬಲಗಾಲಿನ ಕೆರ ಮೂಟೆಗೆ ವಾಪಸು ಹೋಯಿತು. ಎಡಗಾಲಿನದನ್ನು ನನ್ನ ಕೈಗೆ ಕೊಟ್ಟರು.

ಆಮೇಲೆ ಬಂದ ಕಾಗದದಲ್ಲಿ ಹೀಗಿತ್ತು: ಒಂದನೇ ಆರೋಪಿ ಮತ್ತು ಇತರೆ ನಲವತ್ತಮೂರು ಅಪರಿಚಿತರು. ನಿರ್ಬಂಧಿತ ಸರ್ಕಾರಿ ಜಾಗಕ್ಕೆ ಅತಿಕ್ರಮ ಪ್ರವೇಶ, ಅಕ್ರಮ ಕೂಟ, ನಿಷೇಧಾಜ್ಞೆಯ ಉಲ್ಲಂಘನೆ, ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿ, ಒಂದು ಗಾಜು. ಪ್ರಕರಣದ ಸ್ವತ್ತು: ನಲವತ್ತಮೂರು ಜೊತೆ ಪಾದರಕ್ಷೆ ಮತ್ತು ಒಂಟಿ ಒಂದು. ಅಪರಿಚಿತರ ಸಂಖ್ಯೆ ನಾನು ಕೊಟ್ಟದ್ದು. ಅವರ ಹೆಸರು ಇಂದಿಗೂ ಆ ಕಾಗದದಲ್ಲಿಲ್ಲ.

ಮುಂದಿನ ಗುರುವಾರ ತಾತನಿಗೆ ಬೇರೆ ಎಕ್ಕಡ ತರಲು ಶಿರಾಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಚಪ್ಪಲಿ ಅಂಗಡಿ ಇಟ್ಟಿರುವ ಸಾಬರು ನಮ್ಮೂರಿನವರಿಗೆಲ್ಲ ಗೊತ್ತು.

"ಏನ್ ಬೇಟಿ, ನಿಮ್ಮೂರಲ್ಲಿ ಎಲ್ಲರ ಎಕ್ಕಡಾನೂ ಒಂದೇ ದಿನ ಕಿತ್ತೋದ್ವಾ?"

"ಯಾಕೆ ಸಾಬ್ರೆ?"

"ಈ ವಾರದಲ್ಲಿ ನೀನು ಮೂವತ್ತನೇಯವಳೋ ಮೂವತ್ತೊಂದನೇಯವಳೋ. ಎಲ್ಲಾ ಅದೇ ಊರು. ಒಬ್ರೂ ಹಳೇದು ತಂದು ಅಳತೆ ತೋರಿಸ್ಲಿಲ್ಲ. ಬರಿಗಾಲಲ್ಲಿ ಬಂದ್ರು, ಹೊಸದು ಮೆಟ್ಕೊಂಡ್ರು, ಹೋದ್ರು. ಮಾತೂ ಇಲ್ಲ, ಕತೇನೂ ಇಲ್ಲ. ಹೋಗ್ಲಿ, ನಂಗೇನು, ವ್ಯಾಪಾರ."

ತಾತನ ಅಳತೆಯ ಕೆರ ಈಗ ಯಾರೂ ಮಾಡುವುದಿಲ್ಲ ಅಂದರು. ರಬ್ಬರಿನದು ಕೊಟ್ಟರು. ಅದು ಮುಳ್ಳು ತಡೆಯುವುದಿಲ್ಲ.

ಜಾಮೀನಿಗೆ ಜಮೀನಿನ ಪಹಣಿ ಇರುವವರು ಬೇಕಾಗಿತ್ತು. ಊರಲ್ಲಿ ಐದು ಮನೆಗೆ ಹೋಗಿ ಕೇಳಿದೆ. ಐದರಲ್ಲೂ ಪಹಣಿ ಜಂಟಿ ಖಾತೆಯಲ್ಲಿತ್ತು, ಇಲ್ಲವೇ ಬೀಗದೊಳಗಿತ್ತು. ಕೊನೆಗೆ ಕೊರಟಗೆರೆಯಿಂದ ನನ್ನ ಸೋದರಮಾವ ಬೆಳಗಿನ ಬಸ್ಸಿಗೆ ಮಧುಗಿರಿಗೆ ಬಂದು ಸಹಿ ಹಾಕಿದ. ಮೂರು ತಿಂಗಳು ಪ್ರತಿ ಭಾನುವಾರ ಠಾಣೆಗೆ ಹೋಗಿ ರುಜು ಮಾಡಬೇಕು ಎಂದು ಷರತ್ತು. ಹದಿಮೂರು ಭಾನುವಾರ ಹೋದೆ. ಒಂದೂ ತಪ್ಪಿಸಲಿಲ್ಲ.

ಆ ಹದಿಮೂರು ವಾರಗಳಲ್ಲಿ ಊರು ನನ್ನಿಂದ ಹೇಗೆ ಹಿಂದೆ ಸರಿಯಿತು ಎಂದು ಬರೆಯುವುದು ಕಷ್ಟ. ಯಾರೂ ಬೈಯಲಿಲ್ಲ, ಜಗಳ ತೆಗೆಯಲಿಲ್ಲ. ನಲ್ಲಿಯ ಹತ್ತಿರ ನಾನು ಬಂದರೆ ಬಿಂದಿಗೆ ತುಂಬಿರದಿದ್ದರೂ ಎತ್ತಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮಧುಗಿರಿಯವರೆಗೂ ಖಾಲಿ. ಕೋರ್ಟಿನ ಹತ್ತಿರ ಇಳಿಯಬೇಕಾದವರು ಒಂದು ಸ್ಟಾಪ್ ಮೊದಲೇ ಇಳಿದು ನಡೆದು ಹೋಗುತ್ತಿದ್ದರು. ದಿನಕ್ಕೆ ನನ್ನೊಡನೆ ಮಾತಾಡಿದವರ ಲೆಕ್ಕ ಡೈರಿಯಲ್ಲಿದೆ: ತಾತನನ್ನು ಬಿಟ್ಟು ಎರಡು, ಒಂದು, ಸೊನ್ನೆ, ಸೊನ್ನೆ, ಒಂದು. ಆ ಕೊನೆಯ ಒಂದು ಎದುರು ಮನೆಯ ದೊಡ್ಡಮ್ಮ. ಹುಣಸೆಹಣ್ಣು ಕೇಳುವ ನೆಪದಲ್ಲಿ ಬಂದು ಹೊಸಿಲಾಚೆಯೇ ನಿಂತಿದ್ದರು. ಕಾಲಲ್ಲಿ ಹೊಸ ಚಪ್ಪಲಿ.

"ಬೇಜಾರ್ ಮಾಡ್ಕಬ್ಯಾಡ ಕಣಮ್ಮ. ನಮ್ ಹುಡುಗ ಪೊಲೀಸ್ ಸೆಲೆಕ್ಷನ್‌ಗೆ ಓಡ್ತಾ ಅವ್ನೆ. ನಮ್ ಹೆಸರು ಬಂದ್ಬುಟ್ರೆ ಅವನ್ ಕತೆ ಅಷ್ಟೆಯ."

"ನಾನು ಯಾರ ಹೆಸರೂ ಹೇಳಿಲ್ಲ ದೊಡ್ಡಮ್ಮ."

"ಹೆಸರ್ ಹೇಳ್ಲಿಲ್ಲ, ಲೆಕ್ಕ ಯಾಕ್ ಹೇಳ್ದೆ? ಎಲ್ರಿಗೂ ಅದೇ ಸಂಕ್ಟ. ನಲವತ್ತಮೂರು ಅಂದ್ರೆ ಇಂತಿಂತವ್ರೇ ಅಂತ ಎಣಿಸ್ಬುಡ್ಬೋದಲ್ಲ." ತಿರುಗಿ ಹೊರಡುತ್ತ, "ನೀನೊಬ್ಳೇ ಇದ್ರೆ ಕೇಸು ಸಣ್ಣದಂತೆ. ನಾವೂ ಬಂದ್ರೆ ದೊಡ್ಡದಾಯ್ತದಂತೆ" ಅಂದರು. ಹುಣಸೆಹಣ್ಣು ತೆಗೆದುಕೊಳ್ಳುವುದನ್ನು ಮರೆತು ಹೋದರು.

ದೊಡ್ಡಮ್ಮನ ಮಗ ಓಡುತ್ತಿದ್ದ ಹಾಗೆ ನಾನೂ ಓದುತ್ತಿದ್ದೆ. ಗ್ರಾಮ ಮಟ್ಟದ ಒಂದು ಸರ್ಕಾರಿ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಜೊತೆಗೆ ಬಂದ ನಮೂನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ? ಇದೆ ಎಂದು ಬರೆದೆ. ಪ್ರಕರಣದ ತೀರ್ಮಾನ ತಿಳಿದ ಮೇಲೆ ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಆ ಜಾಗ ಎಲ್ಲಿಯವರೆಗೆ ಖಾಲಿ ಇರುತ್ತದೆ ಎಂದು ಯಾರೂ ಹೇಳುವುದಿಲ್ಲ. ಅಂದರೆ ಈ ಕೇಸು ಬಿದ್ದುಹೋದರೆ ನನಗೊಂದು ಕೆಲಸ, ನಿಂತರೆ ಇಲ್ಲ. ಶಿಕ್ಷೆ ಕೆಲವೇ ತಿಂಗಳದ್ದಾದರೂ ಪಟ್ಟಿಯಿಂದ ಹೆಸರು ಹೋಗುತ್ತದೆ.

ಇದುವರೆಗೆ ಹದಿನಾರು ವಾಯಿದೆ ಆಗಿವೆ. "ಒಂದನೇ ಆರೋಪಿ ಮತ್ತು ಇತರರು" ಎಂದು ಕೂಗುತ್ತಾರೆ. ನಾನೊಬ್ಬಳೇ ಹೋಗಿ ನಿಲ್ಲುತ್ತೇನೆ.

ಮಧುಗಿರಿಯ ನನ್ನ ವಕೀಲರು ಹೆಂಗಸು, ಮಾತು ಕಡಿಮೆ. ಏಳನೇ ವಾಯಿದೆಯ ದಿನ ಕೋರ್ಟಿನ ಜಗುಲಿಯಲ್ಲಿ ಅವರು ವಿಷಯ ಬಿಡಿಸಿ ಹೇಳಿದರು. "ಐದು ಜನ ಇಲ್ಲದೆ ಅಕ್ರಮ ಕೂಟ ಆಗಲ್ಲ. ಆ ಐದು ಜನ ಎಲ್ಲಿ ಅಂದ್ರೆ ಅವರು ಮೂಟೆ ತೋರಿಸ್ತಾರೆ. ಆ ಎಕ್ಕಡಗಳೇ ಜನ. ಆದ್ರೆ ಅದೇ ಮೂಟೆಯಿಂದ ನಿನಗೆ ಉಪಯೋಗಾನೂ ಇದೆ. ಗಲಾಟೆ ಮಾಡೋಕೆ ಹೋದವರು ಎಕ್ಕಡ ಬಿಚ್ಚಿಟ್ಟು ಹೋಗ್ತಾರಾ? ಅತಿಕ್ರಮ ಅನ್ನೋಕೆ ಕೆಟ್ಟ ಉದ್ದೇಶ ಇರಬೇಕು. ಅಲ್ಲಿ ಒಂದು ಕಲ್ಲಿದೆ, ಅಲ್ಲಿಗೆ ಹೋಗೋ ರೂಢಿ ಇದೆ ಅಂತ ಹೇಳೋಕೆ ನನಗೆ ಊರಿನ ಒಬ್ಬ ಸಾಕ್ಷಿ ಬೇಕು."

"ಯಾರೂ ಬರಲ್ಲ ಮೇಡಂ."

"ಹಾಗಿದ್ರೆ ಒಂದು ಕಾಗದ ಬೇಕು."

ಕಾಗದದ ಸುದ್ದಿ ಹೇಳಿದ್ದು ತಾತ. ಬೇಲಿ ಹಾಕುವಾಗ ಹಿರಿಯರು ಗುಂಡಿ ತೋಡಲು ಬಿಡದೆ ಮಲಗಿಬಿಟ್ಟಿದ್ದರು; ಆಗ ಆಫೀಸರು ಏನೋ ಬರೆದುಕೊಟ್ಟರು ಎಂಬಷ್ಟು ಅವನಿಗೆ ನೆನಪು. ಓದಲು ಬಾರದ್ದರಿಂದ ಏನು ಬರೆದರೆಂದು ಗೊತ್ತಿಲ್ಲ. ಅಂದು ಕೆಲಸಕ್ಕಿದ್ದ ಒಬ್ಬ ಲೈನ್‌ಮ್ಯಾನ್ ನಿವೃತ್ತರಾಗಿ ವೈ.ಎನ್.ಹೊಸಕೋಟೆಯ ಹತ್ತಿರ ಇದ್ದಾರೆಂದು ತಿಳಿಯಿತು. ಪಾವಗಡಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ, ಒಂದೂವರೆಗೆ ಅವರ ಮನೆ ಮುಟ್ಟಿದೆ. ಅಂಗಳದಲ್ಲಿ ಕಡಲೆಕಾಯಿ ಹರಡಿಕೊಂಡು ಕೂತಿದ್ದರು.

"ರಾ ಅಮ್ಮಾ, ಕೂತ್ಕೋ. ಆ ರಾಯಿ ಸಂಗ್ತಿನಾ? ಬೇಯ್ನ್ ಮರದ್ ಕೆಳಗಿನ ಕಲ್ಲು ಕದಾ?" ನಾನು ಬಂದ ಕಾರಣ ಹೇಳಿದಾಗ ತೆಲುಗು ಬೆರೆಸಿ ಅಂದರು. "ಕಾಗಿತಂ ಬರ್ದಿದ್ದು ನಿಜ ಅಮ್ಮಾ. ಅರ್ಧ ಹಾಳೆ. ಕೆಳಗೆ ಹೆಬ್ಬೆಟ್ಟು. ಮೂರು ಕಾಪಿ ಮಾಡಿದ್ರು."

"ಏನಂತ ಬರೆದಿದ್ರು?"

"ಮಂದೆ ಬಂದ ದಿನ ದಾರಿ ಬಿಡ್ಬೇಕು ಅಂತ. ಅದು ಗ್ಯಾಪ್ಕ ಐತೆ. ಊರಿಗೆ ಕಷ್ಟ ಬಂದಾಗ್ಲೂ ಬಿಡ್ಬೇಕು ಅಂತ ಒಂದ್ ಮುದುಕಪ್ಪ ಹಟ ಹಿಡ್ದಿದ್ದ. ಬರ್ದ್ರೋ ಇಲ್ವೋ, ಅದು ಗ್ಯಾಪ್ಕ ಇಲ್ಲ."

"ಕೋರ್ಟಿಗೆ ಬಂದು ಇಷ್ಟು ಹೇಳ್ತೀರಾ?"

ಅವರು ಕಡಲೆಕಾಯಿಯ ಮಣ್ಣು ಉದುರಿಸುತ್ತ ಕೂತರು. "ಬಂದ್ರೆ ಲಾಯರು ಕೇಳ್ತಾರೆ, ನೀನಲ್ಲಿ ಹೆಂಗೆ ಓಡಾಡ್ತಿದ್ದೆ ಅಂತ. ನಾನೂ ಆ ರಾಯಿ ಹತ್ರ ಬೂಟು ಬಿಚ್ತಿದ್ದೆ ಅಮ್ಮಾ. ಕರೆಂಟಿನ ಕೆಲಸ ಮಾಡೋನು ಬೂಟು ಬಿಚ್ಚಿ ಓಡಾಡ್ದೆ ಅಂತ ಕೋರ್ಟಲ್ಲಿ ಹೇಳ್ಲಾ? ನಗ್ತಾರೆ. ಪೆನ್ಷನ್ ತಿಂತಾ ಇದೀನಿ, ಇರ್ಲಿ ಬುಡು."

ಬರುವಾಗ ಒಂದು ಚೀಲ ಹಸಿ ಕಡಲೆಕಾಯಿ ಕೊಟ್ಟರು. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಅದನ್ನಿಟ್ಟುಕೊಂಡು ಬಂದೆ.

ಮೂರು ಪ್ರತಿಗಳಲ್ಲಿ ಒಂದು ಕಚೇರಿಯದು. ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಲಭ್ಯವಿಲ್ಲ ಎಂದು ಉತ್ತರ ಬಂತು. ಎರಡನೆಯದು ನಮ್ಮೂರ ಹಿರಿಯರ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ತಳ ಗೆದ್ದಲು ತಿಂದಿದೆ. ಮೂರನೆಯದನ್ನು ಅಳತೆಗೆ ಬಂದಿದ್ದ ಸರ್ವೆಯವರು ಒಯ್ದರಂತೆ. ಅವರು ಕೊರಟಗೆರೆ ಕಡೆಯವರು ಎಂಬುದಷ್ಟೇ ಲೈನ್‌ಮ್ಯಾನ್‌ಗೆ ಗೊತ್ತಿತ್ತು. ಸೋದರಮಾವ ಅಲ್ಲಿ ವಿಚಾರಿಸುತ್ತಿದ್ದಾನೆ.

ಹದಿನಾರನೇ ವಾಯಿದೆಯ ದಿನ ಕೋರ್ಟಿನಲ್ಲಿ ಮೂಟೆ ಬಿಚ್ಚಿದರು. ಠಾಣೆಯ ಅದೇ ಪೇದೆಯವರು ಸಾಕ್ಷಿ ಕಟ್ಟೆಯಲ್ಲಿದ್ದರು. ಎರಡು ವರ್ಷ ಮುಚ್ಚಿಟ್ಟ ಚರ್ಮದ, ರಬ್ಬರಿನ ವಾಸನೆ ಕೋಣೆ ತುಂಬಿತು. ಯಾರೋ ಮೂಗು ಮುಚ್ಚಿಕೊಂಡರು. ಜವಾನರು ಒಂದೊಂದಾಗಿ ನೆಲದ ಮೇಲಿಡುತ್ತ ಎಣಿಸತೊಡಗಿದರು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಹಿಮ್ಮಡಿಗೆ ಟೈರಿನ ತುಂಡು ಹೊಡೆಸಿದ್ದು. ಬಾರಿಗೆ ಹಸಿರು ದಾರ ಹೊಲಿದದ್ದು. ಎಡಗಡೆ ಮಾತ್ರ ಸವೆದದ್ದು. ಎದುರು ಮನೆಯದು. ಹಿಂದಿನ ಮನೆಯದು. ನಲ್ಲಿಯ ಹತ್ತಿರ ಬಿಂದಿಗೆ ಎತ್ತಿಕೊಂಡು ಹೋದವರದು. ಕಾಲು ನೋಡಿ ಬೆಳೆದ ಊರಿನಲ್ಲಿ ಯಾವ ಎಕ್ಕಡ ಯಾರದೆಂದು ಯಾರಿಗಾದರೂ ಗೊತ್ತಾಗುತ್ತದೆ. ಇಷ್ಟು ವಾಯಿದೆಗಳಲ್ಲಿ ಮೊದಲ ಸಲ ನಾನು ಒಬ್ಬಳೇ ನಿಂತಿಲ್ಲ ಅನ್ನಿಸಿತು. ಕೊನೆಯಲ್ಲಿ ತಾತನ ಬಲಗಾಲಿನ ಕೆರ ಬಂತು. ಅದರೊಳಗೆ ನಾನು ತುರುಕಿದ್ದ ಬಟ್ಟೆ ಹಾಗೇ ಇತ್ತು.

"ಎಂಬತ್ತೇಳು" ಅಂದರು ಜವಾನರು. ನನ್ನ ಲೆಕ್ಕವೂ ಅಷ್ಟೇ.

ಎಲ್ಲವನ್ನೂ ಮತ್ತೆ ಮೂಟೆ ಕಟ್ಟಿ ಒಳಗೆ ಒಯ್ದರು. ಹೊರಗೆ ಬಂದ ಮೇಲೆ ವಕೀಲರು, "ಆರೋಪಿ ಪರ ಸಾಕ್ಷ್ಯಕ್ಕೆ ಇನ್ನೆರಡು ವಾಯಿದೆ ಸಿಗಬಹುದು. ಅಷ್ಟರಲ್ಲಿ ಹುಡುಕು" ಅಂದರು. ಈ ಬರಹವನ್ನು ಅವರಿಗೆ ತೋರಿಸಿಯೇ ಅಚ್ಚಿಗೆ ಕೊಡುತ್ತಿದ್ದೇನೆ. ಎರಡು ಸಾಲು ಹೊಡೆದುಹಾಕಿದರು. ಉಳಿದದ್ದು ಇರಲಿ ಅಂದರು.

ಅವತ್ತು ಒಳಗೆ ಬಂದಿದ್ದವರು ಇದನ್ನು ಓದಿದರೆ, ನಿಮ್ಮನ್ನು ನಾನು ಏನೂ ಕೇಳುತ್ತಿಲ್ಲ. ಕೇಳುವುದು ಬೇರೆಯವರನ್ನು. ಮಧುಗಿರಿ, ಶಿರಾ ಗಡಿಯ ಗೋಮಾಳ ಅಳೆಯಲು ಹೋಗಿದ್ದ ಸರ್ವೆಯವರು ನಿಮ್ಮ ಮನೆಯಲ್ಲಿದ್ದರೆ, ಅವರ ಹಳೆಯ ಕಡತ, ಟ್ರಂಕು, ನಕ್ಷೆಯ ಕೊಳವೆ ಒಮ್ಮೆ ನೋಡಿ. ಅರ್ಧ ಹಾಳೆ, ಕೆಳಗೆ ಹೆಬ್ಬೆಟ್ಟುಗಳು, ಮೇಲೆ ಒಂದು ಕಲ್ಲಿನ ಮತ್ತು ದಾರಿಯ ಮಾತು. ಸಿಕ್ಕಿದರೆ, ಅಥವಾ ಅದನ್ನು ಓದಿದ್ದು ನೆನಪಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮಂದೆ ಬಂದ ದಿನ ಎಂದಷ್ಟೇ ಇದೆಯೋ, ಊರಿಗೆ ಕಷ್ಟ ಬಂದಾಗ ಎಂದೂ ಇದೆಯೋ, ಅದೊಂದನ್ನು ತಿಳಿಸಿ. ಆ ಮಾರ್ಚ್ ಹನ್ನೆರಡಕ್ಕೆ ಮಂದೆ ಬಂದಿರಲಿಲ್ಲ, ಕಷ್ಟ ಬಂದಿತ್ತು. ನಿಮ್ಮ ಹೆಸರು ಬರೆಯದಿದ್ದರೂ ನಡೆಯುತ್ತದೆ.